ಗಂಟೆ ಬಾರಿಸಿದ್ದು ನನಗೂ ಕೇಳಿತ್ತು

ಮೊದಲು ಗೊತ್ತಾದದ್ದು ಸಾಬೂನಿನಿಂದ.

ಸ್ನಾನಕ್ಕೆ ನಿಂತಿದ್ದೆ. ಕುತ್ತಿಗೆಯ ಎಡಬದಿಗೆ ನೊರೆ ತಾಗಿದ್ದೇ ಚುರ್ರೆಂದಿತು. ಕನ್ನಡಿಯಲ್ಲಿ ನೋಡಿದರೆ ಕಿವಿಯ ಕೆಳಗೆ ಒಂದು ಕೆಂಪು. ದುಂಡಗೆ, ಅಂಚು ನೀಟಾಗಿ, ಲೋಟ ಬೋರಲು ಹಾಕಿ ಸುತ್ತ ಗೆರೆ ಎಳೆದ ಹಾಗೆ. ಮಾರ್ಚ್ ತಿಂಗಳ ಸೆಖೆ, ಬೆವರುಸಾಲೆ ಇರಬೇಕು ಎಂದುಕೊಂಡೆ. ಪೌಡರ್ ಮೆತ್ತಿಕೊಂಡು ಶಾಲೆಗೆ ಹೋಗಿ ಏಳನೇ ತರಗತಿಗೆ ಪದ್ಯ ಬಾಯಿಪಾಠ ಮಾಡಿಸಿದೆ. ಸಂಜೆ ಮುಖ ತೊಳೆಯುವಾಗ ಪೌಡರಿನ ಜೊತೆ ಚರ್ಮವೂ ಕೈಗೆ ಬಂತು.

ಅದು ಎಕ್ಸ್‌ರೇ ಸುಟ್ಟ ಗಾಯ. ಸುಟ್ಟು ಆಗಲೇ ಹನ್ನೆರಡು ದಿನ ಆಗಿತ್ತು.

ತಾಗುವಾಗ ಸುಮ್ಮನಿದ್ದು, ಎರಡು ವಾರ ಕಳೆದು ಬಂದು ಬಾಗಿಲು ತಟ್ಟುವ ಬೆಂಕಿಯೂ ಉಂಟು ಎಂದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಗಾಯ ಒಣಗಿ ಹೆಚ್ಚು ದಿನವಾಗಿಲ್ಲ, ನೆನಪು ಇನ್ನೂ ಹಸಿಯಾಗಿರುವಾಗಲೇ ಬರೆದುಬಿಡುತ್ತೇನೆ.

ನನ್ನ ಹೆಸರು ಸೆವ್ರಿನ್. ಕೊಡಿಯಾಲ್‌ಬೈಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕನ್ನಡ ಟೀಚರ್. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ಇಲ್ಲಿ ಅದನ್ನು ನಮ್ಮ ಊರಿನ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ಮನೆಯಲ್ಲಿ ಮೂವರು: ನಾನು, ನಮ್ಮ ಮಾಂಯ್ ಅಂದರೆ ಅಮ್ಮ, ಮತ್ತು ನನಗಿಂತ ಐದು ವರ್ಷ ಚಿಕ್ಕವನಾದ ತಮ್ಮ ಬೆನ್ನಿ. ಅವನಿಗೆ ರೇಡಿಯೋ ರಿಪೇರಿಯ ಅಂಗಡಿ ಇತ್ತು. ಇತ್ತು ಎಂದು ಬರೆಯುವಾಗ ಇನ್ನೂ ಕೈ ತಡೆಯುತ್ತದೆ.

ಎಕ್ಸ್‌ರೇ ಕೋಣೆಗೆ ನಾನು ಹೋದದ್ದು ಪ್ರಾಣ ಉಳಿಸಿಕೊಳ್ಳುವುದಕ್ಕಲ್ಲ, ಚಂದಕ್ಕೆ. ಹಿಂದೊಮ್ಮೆ ಕುತ್ತಿಗೆಯಲ್ಲಿ ಎದ್ದ ಕುರುವನ್ನು ಕೊಯ್ಯಿಸಿದ್ದೆ. ಆ ಕಲೆ ಮಾಯುವುದನ್ನು ಬಿಟ್ಟು ಬೆಳೆಯತೊಡಗಿತು. ಬೆರಳು ಗಾತ್ರದ, ಮಿರುಗುವ, ಸದಾ ತುರಿಸುವ ಗಂಟು. ಡಾಕ್ಟರ್ ಅದಕ್ಕೆ ಕೀಲಾಯ್ಡ್ ಎಂದು ಹೆಸರಿಟ್ಟರು. ನನ್ನನ್ನು ನೋಡಲು ಬಂದ ಹುಡುಗನೊಬ್ಬನ ತಾಯಿ ಕಾಫಿ ಮುಗಿಯುವವರೆಗೂ ನನ್ನ ಕುತ್ತಿಗೆಯ ಜೊತೆಗೇ ಮಾತಾಡಿದರು, ಮುಖಕ್ಕೆ ಒಂದು ಮಾತೂ ಸಿಗಲಿಲ್ಲ. ಆ ಸಂಬಂಧ ತಪ್ಪಿದ್ದಕ್ಕೆ ನಾನು ಅಳಲಿಲ್ಲ, ಆದರೆ ಮರುವಾರವೇ ಆಸ್ಪತ್ರೆಗೆ ಹೋದೆ. ಸಣ್ಣಗೆ ಎಕ್ಸ್‌ರೇ ಕೊಟ್ಟರೆ ಗಂಟು ಕರಗುತ್ತದೆ, ಆರು ಸಿಟ್ಟಿಂಗ್ ಸಾಕು ಎಂದರು ಡಾಕ್ಟರ್. ಒಂದೊಂದು ಸಿಟ್ಟಿಂಗಿಗೆ ನಾಲ್ಕೇ ನಿಮಿಷ.

ಆ ಯಂತ್ರ ನಡೆಸುತ್ತಿದ್ದವರು ಸಿಸ್ಟರ್ ಕ್ಲೆಮೆನ್ಸ್. ಐವತ್ತರ ಹತ್ತಿರದ ಕನ್ಯಾಸ್ತ್ರೀ. ಯಂತ್ರದ ಜೊತೆ ಬಂದಿದ್ದ ಟೈಮರ್ ಕೆಟ್ಟುಹೋಗಿ ತಿಂಗಳುಗಳೇ ಆಗಿದ್ದವು, ಬೊಂಬಾಯಿಯಿಂದ ಹೊಸದು ಬರಬೇಕಿತ್ತು. ಅಲ್ಲಿಯವರೆಗೆ ಸಿಸ್ಟರ್ ಗೋಡೆ ಗಡಿಯಾರ ನೋಡುತ್ತಾ ನಿಂತು, ನಾಲ್ಕು ನಿಮಿಷಕ್ಕೆ ಸರಿಯಾಗಿ ಕೈಯಿಂದಲೇ ಸ್ವಿಚ್ ತೆಗೆದು, ಮೀಟರಿನ ಮುಳ್ಳು ಸೊನ್ನೆಗೆ ಬಿದ್ದದ್ದನ್ನು ನೋಡಿ ಆಮೇಲೆ ನನ್ನನ್ನು ಎಬ್ಬಿಸುತ್ತಿದ್ದರು. ನನ್ನ ಮೊದಲ ಎರಡು ಸಿಟ್ಟಿಂಗ್ ಹಾಗೆಯೇ ಆದವು. ಅಷ್ಟರಲ್ಲಿ ರೇಡಿಯೋ ರಿಪೇರಿಗೆಂದು ಅಂಗಡಿಗೆ ಹೋಗಿದ್ದ ಡಾಕ್ಟರಿಗೆ ಬೆನ್ನಿಯ ಕೈಚಳಕ ಕಂಡಿತು. ಒಂದು ಟೈಮರ್ ನೀನೇ ಮಾಡಿಕೊಡುತ್ತೀಯಾ ಎಂದು ಕೇಳಿದರು. ಬೆನ್ನಿ ಆಗಲಿ ಎಂದ. ಆಗುವುದಿಲ್ಲ ಎನ್ನುವ ಮಾತು ಅವನ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ.

ಒಂದು ಅಲಾರಂ ಗಡಿಯಾರ, ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಸೆಟ್ಟಿನಿಂದ ಬಿಚ್ಚಿದ ರಿಲೇ, ಹಲಸಿನ ಹಲಗೆಯ ಪೆಟ್ಟಿಗೆ. ನಾಲ್ಕು ನಿಮಿಷಕ್ಕೆ ಗಡಿಯಾರ ಗಂಟೆ ಬಾರಿಸಬೇಕು, ರಿಲೇ ಕರೆಂಟು ಕಡಿಯಬೇಕು. ಪೆಟ್ಟಿಗೆಗೆ ಅವನೇ ಪಾಲಿಶ್ ಹಾಕಿದ. ನಮ್ಮಲ್ಲಿ ಹೊಸತು ಯಾವುದು ಬಂದರೂ ಪಾದ್ರಿಯವರು ಬಂದು ಆಶೀರ್ವದಿಸುವುದು ಕ್ರಮ, ಮನೆಯಿರಲಿ, ಬಾವಿಯಿರಲಿ, ಸೈಕಲ್ಲಿರಲಿ. ಪೆಟ್ಟಿಗೆಗೂ ಒಂದು ಭಾನುವಾರ ನಿಗದಿಯಾಯಿತು. ಪೂಜೆ ಮುಗಿಸಿ ಬಂದ ಪಾದ್ರಿಯವರು ಅದರ ಮೇಲೆ ಪವಿತ್ರ ಜಲ ಚಿಮುಕಿಸಿದರು. ಕೇಕ್ ಹಂಚಿದರು. ಮಾಂಯ್ ಮದುವೆಮನೆಗೆ ಉಡುವ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಬೆನ್ನಿ ಕೋಟು ಹಾಕಿಕೊಂಡು ಬೆವರುತ್ತಿದ್ದ. ನನಗೋ ಹೆಮ್ಮೆಯಿಂದ ಎದೆ ತುಂಬಿ ಬಂದಿತ್ತು.

ಮೂರನೇ ಸಿಟ್ಟಿಂಗ್ ಆ ಪೆಟ್ಟಿಗೆಯ ಲೆಕ್ಕದಲ್ಲಿ.

ಆ ಕೋಣೆ ನನಗೆ ಇಷ್ಟವಾಗಿತ್ತು ಎಂದರೆ ಯಾರೂ ನಂಬುವುದಿಲ್ಲ. ಕಿಟಕಿಗೆ ಕಪ್ಪು ಬಟ್ಟೆ. ತಣ್ಣಗಿನ ಮೇಜು. ಮುಖಕ್ಕೂ ಎದೆಗೂ ಸೀಸದ ಹೊದಿಕೆ, ಕುತ್ತಿಗೆಗೆ ಮಾತ್ರ ಯಂತ್ರದ ಕೊಳವೆ. ಸಿಸ್ಟರ್ ತೆರೆಯ ಹಿಂದೆ ಹೋಗಿ, "ಟೀಚರ್, ನಾನು ಬರುವವರೆಗೆ ಅಲ್ಲಾಡ್ಬಾರ್ದು, ಮಾತಾಡ್ಬಾರ್ದು ಆಯ್ತಾ" ಎನ್ನುತ್ತಿದ್ದರು. ಆಮೇಲೆ ಗುಂಯ್ ಎನ್ನುವ ಒಂದು ನಾದ. ನೋವಿಲ್ಲ, ಬಿಸಿಯಿಲ್ಲ. ಇಡೀ ದಿನ ಮಕ್ಕಳ ಗಲಾಟೆಯಲ್ಲಿ ಬೇಯುವವಳಿಗೆ ಸುಮ್ಮನೆ ಮಲಗಿರು ಎನ್ನುವುದೇ ಒಂದು ಔಷಧ. ಮನಸ್ಸಿನೊಳಗೆ ನಮೋ ಮರಿಯಾ ಜಪ ಹೇಳಿಕೊಳ್ಳುತ್ತಿದ್ದೆ. ನಿಧಾನವಾಗಿ ಹದಿನೈದು ಹೇಳಿದರೆ ನಾಲ್ಕು ನಿಮಿಷ.

ಆ ದಿನವೂ ಹದಿನೈದಕ್ಕೆ ಸರಿಯಾಗಿ ಬೆನ್ನಿಯ ಗಂಟೆ ಕಿಣಿಕಿಣಿ ಎಂದಿತು. ನನ್ನ ತಮ್ಮನ ಗಂಟೆ ಎಂದು ಹೊದಿಕೆಯ ಕೆಳಗೇ ನಕ್ಕೆ. ಅದರ ಹಿಂದೆಯೇ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹನ್ನೆರಡರ ಪ್ರಾರ್ಥನೆಯ ದೊಡ್ಡ ಗಂಟೆ. ಆ ಗಂಟೆಗೆ ಎಲ್ಲಿದ್ದರೆ ಅಲ್ಲೇ ನಿಂತು ಪ್ರಾರ್ಥನೆ ಹೇಳಬೇಕು. ತೆರೆಯ ಆಚೆ ಸಿಸ್ಟರ್ ಪಿಸುಗುಡುವುದು ಕೇಳಿತು. ಮುಗಿದ ಮೇಲೆ ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯ ಬಾಗಿಲು ಮುಚ್ಚಿದ ಸದ್ದು, ನೀರಿನಲ್ಲಿಟ್ಟ ಫಿಲ್ಮ್ ತೆಗೆದು ಬಂದು ನನ್ನನ್ನು ಎಬ್ಬಿಸುತ್ತಾರೆ ಎಂದುಕೊಂಡೆ. ಗುಂಯ್ ನಾದ ಇದ್ದೇ ಇತ್ತು. ಯಂತ್ರ ನಿಂತ ಮೇಲೂ ಅದನ್ನು ತಣಿಸುವ ಪಂಪು ಸ್ವಲ್ಪ ಹೊತ್ತು ಓಡುವುದು ನನಗೆ ಗೊತ್ತಿತ್ತು. ಅಭ್ಯಾಸಕ್ಕೆ ಜಪ ಮುಂದುವರಿಸಿದೆ. ಇಪ್ಪತ್ತು. ಮೂವತ್ತು. ಕಣ್ಣಿನ ಮುಂದೆ ಹಸಿರು ಬಣ್ಣದ ನೀರು, ಅದರೊಳಗೆ ನಾನು ದೋಣಿಯಲ್ಲಿ ಮಲಗಿ ಎಲ್ಲಿಗೋ ಹೋಗುತ್ತಿದ್ದೇನೆ, ದಡದಲ್ಲಿ ನನ್ನ ಮಕ್ಕಳು ಪದ್ಯ ಹೇಳುತ್ತಿದ್ದಾರೆ. ಒಮ್ಮೆ ಸಿಸ್ಟರನ್ನು ಕೂಗೋಣ ಎನ್ನಿಸಿತು. ಕೂಗಲಿಲ್ಲ. ಹೇಳುವ ಮೊದಲೇ ಏಳುವ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸುವವಳು ನಾನು.

ನಲವತ್ತಾರಕ್ಕೆ ಬಾಗಿಲು ತೆರೆಯಿತು. ಓಡಿದ ಹೆಜ್ಜೆ. ಸ್ವಿಚ್ಚಿನ ಹಿಡಿ ಧಡ್ ಎಂದಿತು.

"ಟೀಚರ್, ಬಿಸಿ ಆಯ್ತಾ?"

"ಇಲ್ಲ ಸಿಸ್ಟರ್. ಒಳ್ಳೇ ನಿದ್ದೆ ಬಂತು."

ಅವರ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಹನ್ನೆರಡು ನಿಮಿಷ ಯಂತ್ರ ಉರಿದಿತ್ತು. ಅವರು ಮುಚ್ಚಿಡಲಿಲ್ಲ, ಆಗಲೇ ಹೋಗಿ ಡಾಕ್ಟರಿಗೆ ಹೇಳಿದರು. ಡಾಕ್ಟರ್ ನನ್ನ ಕುತ್ತಿಗೆ ನೋಡಿ, ಈಗ ಏನೂ ಕಾಣುವುದಿಲ್ಲ, ಕಾದು ನೋಡುವಾ ಎಂದರು. ಬೆನ್ನಿಯನ್ನು ಕರೆಸಿದರು. ಅವನು ಪೆಟ್ಟಿಗೆಯನ್ನು ಮೂರು ಸಲ ಓಡಿಸಿದ. ಮೂರು ಸಲವೂ ಗಂಟೆ ಬಾರಿಸಿತು, ಕರೆಂಟೂ ಹೋಯಿತು. ಹಾಗಾದರೆ ಸಿಸ್ಟರ್ ಗಡಿಯಾರಕ್ಕೆ ಕೀಲಿ ಕೊಡಲು ಮರೆತಿರಬೇಕು, ಇಗರ್ಜಿಯ ಗಂಟೆಯನ್ನೇ ಪೆಟ್ಟಿಗೆಯ ಗಂಟೆ ಎಂದುಕೊಂಡಿರಬೇಕು ಎಂದು ಎಲ್ಲರೂ ತೀರ್ಮಾನಿಸಿದರು. ಸಿಸ್ಟರ್ ಮೊದಲು ಇಲ್ಲ ಎಂದರು. ಆಮೇಲೆ ಇರಬಹುದು ಎಂದರು. ಕೊನೆಗೆ, ನನ್ನದೇ ತಪ್ಪು ಎಂದು ಎದೆ ಮುಟ್ಟಿಕೊಂಡರು. ಪ್ರಾರ್ಥನೆಯಲ್ಲಿ ದಿನಕ್ಕೆ ಎಷ್ಟೋ ಸಲ ಎದೆ ಮುಟ್ಟಿಕೊಂಡು ಹಾಗೆ ಹೇಳುವುದೇ ಅವರ ಬದುಕಾಗಿತ್ತು.

ಗಾಯ ಎದ್ದ ಮೇಲೆ ನನ್ನನ್ನು ವಾರ್ಡಿಗೆ ಹಾಕಿದರು.

ಆ ದಿನಗಳು ನನಗೆ ಸಾಲಾಗಿ ನೆನಪಿಲ್ಲ. ಕುತ್ತಿಗೆಯ ಚರ್ಮ ಒದ್ದೆಯಾಯಿತು, ಮತ್ತೆ ಕಳಚಿತು, ಕೆಳಗೆ ಹಳದಿ ತಳದ ಹುಣ್ಣು ಬಿತ್ತು. ಆ ನೋವಿಗೆ ಹಗಲು ಬೇರೆ, ರಾತ್ರಿ ಬೇರೆ ಎಂದಿರಲಿಲ್ಲ. ನೋವು ಮರೆಸುವ ಪೆಥಿಡಿನ್ ಇಂಜೆಕ್ಷನ್ ಕೊಟ್ಟರೆ ಮಾತ್ರ ಮಂಚದ ಕಾಲುಗಳು ನೆಲ ಬಿಟ್ಟು ಮೇಲೇಳುತ್ತಿದ್ದವು. ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಅದರಿಂದ ಬಿದ್ದ ಬಿಸಿಲಿನ ಚೌಕ ಬೆಳಿಗ್ಗೆ ಬಾಗಿಲ ಬಳಿ ಇರುತ್ತಿತ್ತು, ಮಧ್ಯಾಹ್ನ ನನ್ನ ಹೊದಿಕೆ ಹತ್ತುತ್ತಿತ್ತು, ಸಂಜೆಗೆ ಗೋಡೆಯಲ್ಲಿ ಮಂಕಾಗುತ್ತಿತ್ತು. ನಾನೂ ಅದರ ಜೊತೆ ಹೋಗಿ ಬರುತ್ತಿದ್ದೆ. ಸತ್ತುಹೋದ ಅಪ್ಪ ಹಳೆಯ ಕೊಡೆ ಹಿಡಿದು ಬಂದು ಕಾಲ ಬಳಿ ಕೂರುತ್ತಿದ್ದರು. ಎಚ್ಚರವಾದರೆ ಅಲ್ಲಿ ಬೆನ್ನಿ ಕುಳಿತಿರುತ್ತಿದ್ದ.

ಪ್ರತಿ ಕನಸಿನಲ್ಲೂ ಎರಡು ಗಂಟೆ ಬಾರಿಸುತ್ತಿದ್ದವು. ಮೊದಲು ಸಣ್ಣದು, ಆಮೇಲೆ ದೊಡ್ಡದು. ಸಣ್ಣದು ಬಾರಿಸಿದ್ದು ನಿಜವಾದರೆ ಸಿಸ್ಟರ್ ಕೀಲಿ ಕೊಡಲು ಮರೆತಿಲ್ಲ. ಗಂಟೆ ಬಾರಿಸಿಯೂ ಯಂತ್ರ ನಿಲ್ಲಲಿಲ್ಲ ಎಂದರೆ ತಪ್ಪು ಪೆಟ್ಟಿಗೆಯದು. ಅಂದರೆ ಬೆನ್ನಿಯದು. ಇಷ್ಟು ನನಗೆ ಅರ್ಥವಾಗಿತ್ತು. ಆದರೆ ಅದು ಕನಸೋ ನಿಜವೋ ಎಂದು ನನ್ನನ್ನೇ ಕೇಳಿಕೊಳ್ಳುತ್ತಾ ವಾರಗಟ್ಟಲೆ ಮಲಗಿದ್ದೆ. ಸುಳ್ಳು ಯಾಕೆ? ನನಗೆ ಗೊತ್ತಿತ್ತು. ಪೆಥಿಡಿನ್ ನನಗೊಂದು ಒಳ್ಳೆಯ ನೆಪವಾಗಿತ್ತು ಅಷ್ಟೇ.

ಈಸ್ಟರ್ ಕಳೆದ ವಾರ ಸಿಸ್ಟರ್ ಕ್ಲೆಮೆನ್ಸ್ ನನ್ನ ಮಂಚದ ಬಳಿ ಬಂದರು. ತಿಂಗಳ ಕೊನೆಗೆ ಅವರನ್ನು ಘಟ್ಟದ ಮೇಲಿನ ಒಂದು ಕಾನ್ವೆಂಟಿಗೆ ಕಳಿಸುತ್ತಾರಂತೆ. ಅಲ್ಲಿ ಆಸ್ಪತ್ರೆ ಇಲ್ಲ, ಅಡುಗೆ ಕೆಲಸ.

"ಇಪ್ಪತ್ತೆರಡು ವರ್ಷ ರೋಗಿಗಳ ಜೊತೆ ಇದ್ದೆ ಟೀಚರ್. ದೇವರ ಚಿತ್ತ. ನನ್ನನ್ನು ಕ್ಷಮಿಸಿ."

ನಾನು ಕಣ್ಣು ಮುಚ್ಚಿಕೊಂಡೆ. ನಿದ್ದೆ ಬಂದಿದೆ ಎಂದುಕೊಂಡು ಅವರು ಹೊದಿಕೆ ಸರಿಮಾಡಿ ಹೋದರು.

ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡ ಗಿರಿಜಕ್ಕ ಇದ್ದರು. ಬೋಳೂರಿನ ಕಡೆಯವರು, ಮೀನು ಮಾರುವವರು. ಅವರ ಕಣ್ಣಿಗೆ ಮಣ್ಣೆರಚುವುದು ಕಷ್ಟ. ಸಿಸ್ಟರ್ ಅತ್ತ ಹೋದದ್ದೇ ಇತ್ತ ಶುರು ಮಾಡಿದರು.

"ಟೀಚರೇ, ನಿಮ್ಗೆ ನಿದ್ದೆ ಬರ್ಲಿಲ್ಲ. ನಂಗೆ ಗೊತ್ತುಂಟು."

"ಎಂತ ಗೊತ್ತುಂಟು?"

"ನಿದ್ದೆಯಲ್ಲಿ ಗಂಟೆ ಗಂಟೆ ಅಂತ ಹೇಳ್ತಾ ಇರ್ತೀರಿ. ನಮ್ಮಪ್ಪ ಹೊಸ ದೋಣಿ ಮಾಡಿಸಿದಾಗ ಅದನ್ನು ಕಟ್ಟಿದ ಆಚಾರಿಯನ್ನೇ ಮೊದಲು ಅದ್ರಲ್ಲಿ ಕೂರಿಸಿ ಕಡಲಿಗೆ ಇಳಿಸಿದ್ರು. ಅವ ಬೊಬ್ಬೆ ಹೊಡೀತಿದ್ದ, ಈಜು ಬರುದಿಲ್ಲ ಮಾರಾಯ್ರೇ ಅಂತ. ಅಪ್ಪ ಬಿಡ್ಲಿಲ್ಲ. ನಿಮ್ಮ ತಮ್ಮನನ್ನು ಯಾರೂ ಕೂರಿಸ್ಲಿಲ್ವಾ?"

ನನಗೆ ಸಿಟ್ಟು ಬಂತು. ನಿಮ್ಮ ಕಾಲು ನೀವು ನೋಡಿಕೊಳ್ಳಿ ಎಂದುಬಿಟ್ಟೆ. ಅವರು ಬೇಸರಪಡಲಿಲ್ಲ, ತಮ್ಮ ಡಬ್ಬಿಯಿಂದ ಒಂದು ಎಲೆ ತೆಗೆದು ಸುಣ್ಣ ಸವರತೊಡಗಿದರು.

ಮರುದಿನ ಭಾನುವಾರ. ಮಧ್ಯಾಹ್ನ ಬೆನ್ನಿಯೂ ಮಾಂಯ್ಯೂ ಬಂದರು. ಬಿಸಿಲಿನ ಚೌಕ ನನ್ನ ಮೊಣಕಾಲಿನ ಮೇಲಿತ್ತು. ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತಾಗಿತ್ತು, ಎಲ್ಲರ ದನಿಯೂ ಬಾವಿಯೊಳಗಿಂದ ಬರುವಂತಿತ್ತು. ಬೆನ್ನಿ ತಲೆ ತಗ್ಗಿಸಿಕೊಂಡೇ ಕೇಳಿದ.

"ಬಾಯ್, ಒಂದು ಕೇಳ್ತೇನೆ. ಆ ದಿನ ನಿಂಗೆ ಗಂಟೆ ಕೇಳಿತಾ? ನನ್ನ ಗಂಟೆ?"

ಬಾಯ್ ಎಂದರೆ ಅಕ್ಕ. ಅವನು ನನ್ನನ್ನು ಹಾಗೆ ಕರೆದು ತಿಂಗಳಾಗಿತ್ತು.

ಅವನ ಬೆನ್ನ ಹಿಂದೆ ನಿಂತಿದ್ದ ಮಾಂಯ್ ನನ್ನನ್ನೇ ನೋಡಿದರು. ತಲೆಯನ್ನು ಅತ್ತ ಇತ್ತ ಆಡಿಸಿದರು. ತೀರಾ ಸ್ವಲ್ಪ. ಬೇಡ ಎನ್ನುವುದು ಅವರ ಕಣ್ಣಿನಲ್ಲಿತ್ತು. ಗಂಡ ಸತ್ತ ಮೇಲೆ ಇಬ್ಬರನ್ನೂ ಸಾಕಿದ ತಾಯಿ. ಒಬ್ಬಳ ಕುತ್ತಿಗೆ ಹೋಯಿತು, ಇನ್ನೊಬ್ಬನದಾದರೂ ಉಳಿಯಲಿ ಎಂದು ಅವರು ಬೇಡುತ್ತಿದ್ದರು. ಕೇಳಲಿಲ್ಲ ಎನ್ನುವುದು ಎಷ್ಟು ಸುಲಭವಿತ್ತು.

"ಕೇಳಿತು" ಎಂದೆ.

ಪ್ರೀತಿಯಿಂದ ಹೇಳಿದೆನೆಂದು ಬರೆದರೆ ಓದುವವರಿಗೆ ಚಂದ. ನಿಜವೆಂದರೆ ನನಗೆ ಅವನ ಮೇಲೆ ತುಂಬಾ ಕೋಪವಿತ್ತು. ಅದು ಆ ಒಂದೇ ಮಾತಿನಲ್ಲಿ ಹೊರಗೆ ಬಂತು.

ಬೆನ್ನಿ ತಲೆ ಎತ್ತಿ ನನ್ನ ಮುಖ ನೋಡಿದ. ಆಮೇಲೆ ಹೇಳಿದ.

"ನಾನು ಗಂಟೆಯನ್ನು ಗಡಿಯಾರಕ್ಕೆ ಕಟ್ಟಿದ್ದೆ ಬಾಯ್. ಕರೆಂಟಿಗೆ ಕಟ್ಟಬೇಕಿತ್ತು. ಟೈಮ್ ಆಯ್ತು ಅಂತ ಮಾತ್ರ ಅದಕ್ಕೆ ಗೊತ್ತು. ಯಂತ್ರ ನಿಂತಿತಾ ಇಲ್ವಾ ಅಂತ ಅದಕ್ಕೆ ಗೊತ್ತೇ ಇಲ್ಲ. ಸಿಸ್ಟರ್ ನಂಬಿದ್ದು ನನ್ನ ಗಂಟೆಯನ್ನು."

"ಆದ್ರೆ ನೀನು ಮೂರು ಸಲ ಓಡಿಸಿ ತೋರಿಸಿದ್ದಿ ಅಲ್ವಾ?" ಎಂದೆ.

"ಆ ರಿಲೇ ಒಮ್ಮೊಮ್ಮೆ ಅಂಟಿಕೊಳ್ತದೆ. ಕಿಡಿ ಹಾರಿದಾಗ ಅದರ ಎರಡು ತುದಿ ಕರಗಿ ಹಿಡ್ಕೊಳ್ತದೆ. ಸ್ವಲ್ಪ ತಟ್ಟಿದರೆ ಬಿಡ್ತದೆ." ಅವನ ದನಿ ಸಣ್ಣದಾಯಿತು. "ಅಂಗಡಿಯಲ್ಲೇ ಒಂದು ಸಲ ಅಂಟಿತ್ತು. ಶನಿವಾರ. ಮರುದಿನ ಪಾದ್ರಿಯವರು ಬರ್ತಾರೆ, ಕೇಕ್ ಮಾಡಿಸಿ ಆಗಿದೆ. ಇನ್ನೊಂದು ವಾರ ಕೊಡಿ ಅಂತ ಕೇಳಲಿಕ್ಕೆ ನಾಚಿಕೆ ಆಯ್ತು. ಅರದಲ್ಲಿ ಉಜ್ಜಿ ಕೊಟ್ಟುಬಿಟ್ಟೆ. ಆಶೀರ್ವಾದ ಆದ ಮೇಲೆ ಅದನ್ನು ಬಿಚ್ಚಲಿಕ್ಕೆ ಧೈರ್ಯ ಬರ್ಲಿಲ್ಲ."

ಅವನಿಗೆ ಗೊತ್ತಿತ್ತು.

ನನ್ನ ಕುತ್ತಿಗೆಯ ನೋವು ಆ ಕ್ಷಣದಲ್ಲಿ ನಿಂತೇಹೋಯಿತು, ಅಥವಾ ನನಗೆ ಅದು ಗೊತ್ತಾಗಲಿಲ್ಲ. ಏನಾದರೂ ಎತ್ತಿ ಅವನಿಗೆ ಎಸೆಯಬೇಕು ಎನ್ನಿಸಿತು. ಕೈಗೆ ಸಿಕ್ಕಿದ್ದು ದಿಂಬು. ಎಸೆದೆ. ಅದು ಅವನಿಗೆ ತಾಗದೆ ಗಿರಿಜಕ್ಕನ ಮಂಚದಡಿಗೆ ಹೋಯಿತು. ಅವನು ಎದ್ದು ಹೋಗಿ ಬಗ್ಗಿ ತೆಗೆದು, ಧೂಳು ಕೊಡವಿ, ನನ್ನ ತಲೆಯ ಕೆಳಗೆ ಮೆಲ್ಲಗೆ ಇಟ್ಟ.

"ಈಗ ಎಂತ ಮಾಡ್ತಿ?" ಮಾಂಯ್ ಕೇಳಿದರು.

"ಡಾಕ್ಟರಿಗೆ ಹೇಳ್ತೇನೆ."

"ಯಾರೂ ನಿನ್ನನ್ನು ಕೇಳ್ಲಿಲ್ಲ ಮಗಾ. ಸಿಸ್ಟರೇ ಒಪ್ಪಿಕೊಂಡಾಗಿದೆ. ಅವರಿಗೆ ಮನೆ ಉಂಟಾ, ಮಠ ಉಂಟಾ? ಎಲ್ಲಿದ್ರೂ ದೇವರ ಸೇವೆಯೇ. ನಿಂಗೆ ನಾಳೆ ಅಂಗಡಿ ತೆರೀಬೇಕು."

"ಅವರು ಒಪ್ಪಿಕೊಂಡದ್ದು ನನ್ನ ತಪ್ಪನ್ನು" ಎಂದು ಬೆನ್ನಿ ಹೊರಟ.

ಆಮೇಲಿನದನ್ನು ಅವನೇ ನನಗೆ ಹೇಳಿದ್ದು. ಡಾಕ್ಟರ್ ಮೊದಲು ನಂಬಲಿಲ್ಲ. ಮತ್ತೆ, ಯಂತ್ರವೆಂದ ಮೇಲೆ ಕೆಡುತ್ತದೆ, ಅದಕ್ಕೆ ಯಾರು ಹೊಣೆ, ಯಾಕೆ ಸುಮ್ಮನೆ ತಲೆ ಕೊಡುತ್ತಿ ಎಂದರು. ಅದನ್ನು ಮಾಡಿಸಿದವರು ತಾವೇ ಎನ್ನುವುದೂ ಅವರಿಗೆ ನೆನಪಿದ್ದಿರಬಹುದು. ಬೆನ್ನಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಬಿಚ್ಚಿ ಓಡಿಸುತ್ತಾ ಕುಳಿತ. ನಲವತ್ತು ಸಲ ಸರಿಯಾಗಿ ನಿಂತಿತು. ಡಾಕ್ಟರ್ ಎದ್ದು ಹೊರಟಿದ್ದರಂತೆ. ನಲವತ್ತೊಂದನೆಯ ಸಲ ಗಂಟೆ ಬಾರಿಸಿತು, ಕರೆಂಟು ಹೋಗಲಿಲ್ಲ. ಡಾಕ್ಟರ್ ಬಾಗಿಲಲ್ಲೇ ನಿಂತರು. ಅಲ್ಲಿಂದ ಇಬ್ಬರೂ, ಸಿಸ್ಟರನ್ನು ಘಟ್ಟಕ್ಕೆ ಕಳಿಸಲು ಹೊರಟಿದ್ದ ಮದರ್ ಸುಪೀರಿಯರ್ ಕೋಣೆಗೆ ಹೋದರು.

ಸಿಸ್ಟರ್ ಕ್ಲೆಮೆನ್ಸ್ ಘಟ್ಟ ಹತ್ತಲಿಲ್ಲ. ಬದಲು ನಮ್ಮ ವಾರ್ಡಿಗೆ ಬಂದರು. ಅವರಿಗೆ ಬೆನ್ನಿಯ ಮೇಲೆ ಸಿಟ್ಟು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಎರಡು ವಾರ ಅವನ ನಮಸ್ಕಾರಕ್ಕೆ ಅವರು ಉತ್ತರ ಕೊಡಲಿಲ್ಲ. ಅದು ನನಗೆ ಸಮಾಧಾನ ಕೊಟ್ಟಿತು. ಸುದ್ದಿ ಊರಿಡೀ ಹಬ್ಬಿತು. ರೇಡಿಯೋ ಕೊಟ್ಟಿದ್ದವರು ಒಬ್ಬೊಬ್ಬರೇ ಬಂದು ವಾಪಸು ಕೊಂಡುಹೋದರು. ಮಳೆಗಾಲ ಶುರುವಾಗುವ ಹೊತ್ತಿಗೆ ಬೆನ್ನಿ ಅಂಗಡಿ ಬಿಟ್ಟು ಬಂದರಿನ ಬಳಿಯ ಒಂದು ಕಾರ್ಖಾನೆಯಲ್ಲಿ ಮೋಟಾರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಮಾಂಯ್ ನನ್ನ ಜೊತೆ ಮಾತು ಬಿಟ್ಟರು. ಗಂಜಿ ತಂದು ಇಟ್ಟು, ಗೋಡೆ ನೋಡಿಕೊಂಡು ಕೂರುತ್ತಿದ್ದರು.

ಜೂನಿನಲ್ಲಿ ನನ್ನ ತೊಡೆಯ ಚರ್ಮ ತೆಗೆದು ಕುತ್ತಿಗೆಗೆ ಹಾಕಿದರು. ಗ್ರಾಫ್ಟಿಂಗ್. ಪ್ರಜ್ಞೆ ತಪ್ಪಿಸುವ ಈಥರ್ ಮೂಗಿಗೆ ಹಿಡಿದಾಗ ಮತ್ತೆ ಅದೇ ಹಸಿರು ನೀರು, ಅದೇ ದೋಣಿ. ಅರ್ಧ ಹಿಡಿಯಿತು, ಅರ್ಧ ಹಿಡಿಯಲಿಲ್ಲ. ಆಗಸ್ಟಿನಲ್ಲಿ ಇನ್ನೊಮ್ಮೆ. ಮನೆಗೆ ಬಂದ ಮೇಲೂ ದಿನಕ್ಕೆರಡು ಸಲ ಡ್ರೆಸ್ಸಿಂಗ್ ಆಗಬೇಕಿತ್ತು. ಬೆನ್ನಿ ಸಿಸ್ಟರ್ ಹತ್ತಿರ ಅದನ್ನು ಕಲಿತುಕೊಂಡ. ಕಾರ್ಖಾನೆಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ, ಕೈ ಬಿಸಿನೀರಿನಲ್ಲಿ ತೊಳೆದು, ಹಳೆಯ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ ಎಳೆಎಳೆಯಾಗಿ ಬಿಡಿಸುತ್ತಿದ್ದ. ತಾನು ಮಾಡಿದ ಹುಣ್ಣನ್ನು ದಿನಾ ನೋಡಬೇಕಲ್ಲ. ಒಮ್ಮೆಯೂ ಮುಖ ತಿರುಗಿಸಲಿಲ್ಲ. ನೋವಾದಾಗ ನಾನು ಬಾಯಿಗೆ ಬಂದಂತೆ ಬೈದಿದ್ದೇನೆ. ಅವನು ಹೂಂ ಎನ್ನುತ್ತಾ ಕೆಲಸ ಮುಂದುವರಿಸುತ್ತಿದ್ದ. ಯಾವ ದಿನ ಬೈಯುವುದು ನಿಂತಿತೋ ನನಗೆ ನೆನಪಿಲ್ಲ. ಅವನನ್ನು ಕ್ಷಮಿಸಿದೆಯಾ ಎಂದು ಪಾಪನಿವೇದನೆಯಲ್ಲಿ ಪಾದ್ರಿಯವರು ಕೇಳಿದ್ದರು. ಗೊತ್ತಿಲ್ಲ ಫಾದರ್, ಅವನು ಬರುವುದು ತಡವಾದರೆ ಬಾಗಿಲಿಗೆ ಹೋಗಿ ನೋಡುತ್ತೇನೆ ಎಂದೆ.

ಈಗ ಕುತ್ತಿಗೆ ಎಡಕ್ಕೆ ಅರ್ಧ ಮಾತ್ರ ತಿರುಗುತ್ತದೆ. ಹುಡುಗಿಯರನ್ನು ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು, ಹಾಗಾಗಿ ಅವರಿಗೆ ನನ್ನ ಹೆದರಿಕೆ ಇನ್ನೂ ಜಾಸ್ತಿಯಾಗಿದೆ. ಹಳೆಯ ಕೀಲಾಯ್ಡ್ ಪೂರ್ತಿ ಹೋಗಿದೆ, ಅದೊಂದನ್ನು ನಗುತ್ತಾ ಹೇಳಬಹುದು. ಮಧ್ಯಾಹ್ನದ ಮಂಪರಿನಲ್ಲಿ ಇನ್ನೂ ಕೆಲವು ಸಲ ಮಂಚ ನೆಲ ಬಿಡುತ್ತದೆ. ಮೊದಲಿನ ಹಾಗೆ ಹೆದರಿಕೆಯಾಗುವುದಿಲ್ಲ.

ಕಳೆದ ತಿಂಗಳು ಬೊಂಬಾಯಿಯಿಂದ ಯಂತ್ರದ ಟೈಮರ್ ಬಂತು. ಜೋಡಿಸಲು ಡಾಕ್ಟರ್ ಹೇಳಿಕಳಿಸಿದ್ದು ಬೆನ್ನಿಗೇ. ಅದು ಯಾವ ಯಾವ ರೀತಿಯಲ್ಲಿ ತಪ್ಪಬಹುದು ಎಂದು ಗೊತ್ತಿರುವವನು ಊರಲ್ಲಿ ಇವನೊಬ್ಬನೇ ಎಂದರಂತೆ. ಬೆನ್ನಿ ಮೂರು ದಿನ ಯೋಚಿಸಿ ಹೋದ. ಯಂತ್ರದಲ್ಲಿ ನಿಜವಾಗಿ ಕರೆಂಟು ಇರುವಷ್ಟು ಹೊತ್ತೂ ಉರಿಯುವ ಒಂದು ಕೆಂಪು ದೀಪವನ್ನು ತಾನಾಗಿಯೇ ಸೇರಿಸಿದ. ಈ ಸಲ ಪಾದ್ರಿಯವರನ್ನು ಕರೆಯುವ ಮೊದಲು ಒಂದು ವಾರ ಓಡಿಸಿ ನೋಡಲು ಸಮಯ ಕೊಡಿ ಎಂದು ಕೇಳಿಕೊಂಡ. ಕೊಟ್ಟರು.

ಆ ವಾರ ಮುಗಿದ ಸಂಜೆ ಅವನು ಬಿಳಿ ಬಣ್ಣ ಹೊಡೆದ ಒಂದು ತಗಡು, ಕಪ್ಪು ಪೇಂಟು, ಸಣ್ಣ ಬ್ರಷ್ಷು ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದ.

"ಬಾಯ್, ನಿನ್ನ ಅಕ್ಷರ ಚಂದ. ಬರೆದು ಕೊಡ್ತಿಯಾ? ಯಂತ್ರದ ಹತ್ತಿರ ಹಾಕ್ಲಿಕ್ಕೆ."

ಅವನು ಹೇಳಿದ, ನಾನು ಬರೆದೆ. ಗಂಟೆಯೊಂದನ್ನೇ ನಂಬಬೇಡಿ. ದೀಪ ಆರಿದ್ದನ್ನೂ ಮುಳ್ಳು ಸೊನ್ನೆಗೆ ಬಂದದ್ದನ್ನೂ ನೋಡಿ. ಆಮೇಲೆ ಕೈಯಿಂದ ಸ್ವಿಚ್ ತೆಗೆಯಿರಿ. ಸಂಶಯ ಬಂದರೆ ಯಂತ್ರ ನಿಲ್ಲಿಸಿ ನನ್ನನ್ನು ಕರೆಯಿರಿ.

"ನನ್ನನ್ನು ಅಂದ್ರೆ ಯಾರನ್ನು?" ಎಂದೆ. ಟೀಚರ್ ಬುದ್ಧಿ.

"ನನ್ನ ಹೆಸರು ಬರಿ. ಮನೆಯ ವಿಳಾಸವೂ ಬರಿ. ಪೆಟ್ಟಿಗೆಯಲ್ಲಿ ಎಲ್ಲಿಯೂ ನನ್ನ ಹೆಸರು ಇರ್ಲಿಲ್ಲ, ನೋಡು."

ಬರೆದೆ. ಅವನು ಇನ್ನೂ ಒಂದು ಸಾಲು ಹೇಳಿದ. ಈತ ಮಾಡಿದ ಯಂತ್ರ ಒಮ್ಮೆ ನಿಲ್ಲದೆ ಒಬ್ಬರಿಗೆ ಸುಟ್ಟಿದೆ.

ಬ್ರಷ್ಷು ಅಲ್ಲೇ ನಿಂತಿತು. ಇದನ್ನು ಓದಿದ ಮೇಲೆ ಯಾರು ಮಾರಾಯ ನಿನಗೆ ಕೆಲಸ ಕೊಡುತ್ತಾರೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಮಾಂಯ್ ನಿಂತಿದ್ದರು. ಅವರು ತಲೆ ಆಡಿಸಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಲಾಟೀನು ಹಚ್ಚಿ ತಂದು ನನ್ನ ಕೈಗೆ ಬೆಳಕು ಬೀಳುವಂತೆ ಇಟ್ಟರು.

ನಾನು ಆ ಸಾಲನ್ನು ಬರೆದೆ. 'ಒಬ್ಬರಿಗೆ' ಎನ್ನುವಲ್ಲಿ ಮಾತ್ರ ಅವನನ್ನು ಕೇಳದೆ ನನ್ನ ಹೆಸರು ಹಾಕಿದೆ. ಬೆನ್ನಿ ಬೇಡ ಎನ್ನಲು ಬಾಯಿ ತೆರೆದ, ಆಮೇಲೆ ಓದಿಕೊಂಡ, ಎರಡು ಸಲ ಓದಿಕೊಂಡ. ಪೇಂಟು ಒಣಗುವವರೆಗೆ ತಗಡಿನ ಎರಡು ಅಂಚನ್ನು ನಾವಿಬ್ಬರೂ ಹಿಡಿದು ಕುಳಿತಿದ್ದೆವು.